ಗಾಳಿ ಬಲ್ಲ ಕೊಂಡಿ

ಹಿಂದಿನಿಂದ ಲಾರಿಗಳ ಸಾಲು ಬರುತ್ತಿದೆ ಎಂಬುದು ಕನ್ನಡಿಯಲ್ಲಿ ಕಾಣುವ ಮೊದಲೇ ಹುಲಿಗೆಮ್ಮನ ಅಂಗೈಗೆ ತಿಳಿಯಿತು. ಸ್ಟೇರಿಂಗ್ ಒಮ್ಮೆ ಮೆಲ್ಲಗೆ ನಡುಗಿ ಸುಮ್ಮನಾಯಿತು. ಅವಳು ಆಕ್ಸಿಲರೇಟರ್ ಮೇಲಿನ ಕಾಲನ್ನು ಸಡಿಲಿಸಿ ಜೀಪನ್ನು ಎಡಪಟ್ಟಿಯ ನಡುವೆ ನೇರವಾಗಿ ಹಿಡಿದಳು. ಜೀಪಿನ ಹಿಂದೆ ಟ್ರೇಲರ್ ಇತ್ತು. ಟ್ರೇಲರಿನ ಮೇಲೆ ನೀರು ತುಂಬಿದ ದೊಡ್ಡ ಟ್ಯಾಂಕು, ಆ ನೀರಿನಲ್ಲಿ ಬೆರಳುದ್ದದ ಕಾಟ್ಲಾ, ರೋಹು ಮೀನುಮರಿಗಳು.

ಮೊದಲ ಲಾರಿ ಬಲಗಡೆಯಿಂದ ಬಂದು ಟ್ರೇಲರಿನ ಹಿಂಬದಿಯನ್ನು ತಲುಪಿತು. ಲಾರಿ ತನ್ನ ಮುಂದೆ ತಳ್ಳಿಕೊಂಡು ಬರುವ ಗಾಳಿ ಟ್ರೇಲರನ್ನು ಎಡಕ್ಕೆ ನೂಕಬೇಕಿತ್ತು. ಲಾರಿ ಮುಂದೆ ಸರಿದಂತೆ ಅದರ ಪಕ್ಕದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಅದೇ ಟ್ರೇಲರನ್ನು ಈಗ ಲಾರಿಯ ಕಡೆಗೇ ಎಳೆಯಬೇಕಿತ್ತು. ಎರಡೂ ಆಗಲಿಲ್ಲ. ಜೀಪಿಗೂ ಟ್ರೇಲರಿಗೂ ನಡುವೆ ಇದ್ದ ಕೊಂಡಿ ಟಕ್ ಎಂದಿತು. ಟ್ರೇಲರಿನ ಚಕ್ರಗಳ ಬ್ರೇಕು ಕ್ಷಣಮಾತ್ರ ಹಿಡಿದು ಬಿಟ್ಟಿತು. ಲಾರಿ ತಾನಾಗಿ ವೇಗ ತಗ್ಗಿಸಿ, ಒಂದು ಮೊಳ ಬಲಕ್ಕೆ ಸರಿದು ದಾಟಿ ಹೋಯಿತು. ಹಿಂದಿನ ಲಾರಿಗಳೂ ಹಾಗೆಯೇ ಒಂದೊಂದಾಗಿ ದಾಟಿದವು.

"ಲಾರಿಗೆ ಬುದ್ಧಿ ಬರಂಗ ಮಾಡಿದ್ರಿ ಸರ," ಎಂದಳು ಪಕ್ಕದಲ್ಲಿ ಕುಳಿತಿದ್ದ ದುರುಗಮ್ಮ. "ನಮ್ಮ ಯಮನೂರಂಗೂ ಇಂಥದ್ದೊಂದು ಕೊಂಡಿ ಹಾಕ್ತೀರೇನು?"

ಯಮನೂರಪ್ಪ ದುರುಗಮ್ಮನ ತಮ್ಮ, ಹುಲಿಗೆಮ್ಮನ ಗಂಡ. ಹಿಂದಿನ ಸೀಟಿನಲ್ಲಿದ್ದ ವಾಮದೇವರು ಮಡಿಲಲ್ಲಿದ್ದ ಪರದೆಯಿಂದ ಕಣ್ಣು ತೆಗೆಯದೆ ನಕ್ಕರು. ಕೊಂಡಿಯನ್ನು ಕಂಡುಹಿಡಿದವರು ಅವರೇ. ಬಳ್ಳಾರಿಯ ಒಂದು ಕಾಲೇಜಿನಲ್ಲಿ ಗಾಳಿಯ ಚಲನೆಯ ವಿಜ್ಞಾನವನ್ನು ಕಲಿಸುತ್ತಿದ್ದರು.

ಆ ಹೊತ್ತಿಗೆ ಹೆದ್ದಾರಿಯ ದೊಡ್ಡ ಲಾರಿಗಳಲ್ಲಿ ಚಾಲಕರು ಇಲ್ಲವಾಗಿ ಹತ್ತು ವರ್ಷದ ಮೇಲಾಗಿತ್ತು. ಯಂತ್ರಗಳು ಲಾರಿಯನ್ನು ನೂಲು ಹಿಡಿದಂತೆ ನೇರವಾಗಿ ಓಡಿಸುತ್ತಿದ್ದವು. ಗೆರೆ ದಾಟುತ್ತಿರಲಿಲ್ಲ, ಯಾರಿಗೂ ತಾಗುತ್ತಿರಲಿಲ್ಲ. ಆದರೆ ಲಾರಿಯ ಗಾಳಿಗೆ ಗೆರೆ ಎಲ್ಲಿಂದ ಬರಬೇಕು? ಅದು ಪಕ್ಕದ ಪಟ್ಟಿಗೂ ನುಗ್ಗುತ್ತಿತ್ತು. ಎರಡು ವರ್ಷದ ಹಿಂದೆ ಯಮನೂರಪ್ಪನ ಟ್ರೇಲರು ಅಂಥ ಗಾಳಿಯಲ್ಲಿ ಹಾವಿನಂತೆ ಹೊರಳಾಡಿತ್ತು. ಗಾಬರಿಯಲ್ಲಿ ಯಾರಾದರೂ ಮಾಡುವುದನ್ನೇ ಅವನೂ ಮಾಡಿದ, ಜೀಪಿನ ಬ್ರೇಕು ಒತ್ತಿದ. ಜೀಪು ನಿಧಾನವಾಯಿತು, ಹಿಂದಿನ ಭಾರ ನಿಧಾನವಾಗಲಿಲ್ಲ. ಟ್ರೇಲರು ಜೀಪನ್ನು ತಿರುಗಿಸಿ ರಸ್ತೆಯ ಪಕ್ಕಕ್ಕೆ ಕೆಡವಿತು. ಅವನ ಬಲಗಾಲು ಆಮೇಲೆ ಸರಿಯಾಗಿ ಮಡಚಲಿಲ್ಲ. ಅಂದಿನಿಂದ ಜಲಾಶಯದ ಬಳಿಯ ಮೀನುಮರಿ ಕೇಂದ್ರದಿಂದ ಕೂಡ್ಲಿಗಿ ಕಡೆಯ ಕೆರೆಗಳಿಗೆ ಮರಿ ಸಾಗಿಸುವ ಕೆಲಸ ಹುಲಿಗೆಮ್ಮನದಾಯಿತು.

ಲಾರಿ ತಾನು ಯಾರಿಗೂ ತಾಗಲಿಲ್ಲ ಎಂದಷ್ಟೇ ಬಲ್ಲದು, ತನ್ನ ಗಾಳಿ ತಾಗಿತೋ ಇಲ್ಲವೋ ಅದಕ್ಕೆ ಹೇಳುವವರಿಲ್ಲ ಎಂಬುದು ವಾಮದೇವರಿಗೆ ಹೊಳೆದದ್ದು ಆ ಅಪಘಾತದ ಸುದ್ದಿ ಕೇಳಿದಾಗಲೇ. ಕೊಂಡಿಯೊಳಗೆ ಅವರು ಸಂವೇದಕಗಳನ್ನು ಇಟ್ಟರು, ಅಂದರೆ ಒತ್ತಡವನ್ನೂ ನಡುಕವನ್ನೂ ಗುರುತಿಸುವ ಸಣ್ಣ ಬಿಲ್ಲೆಗಳು. ಟ್ರೇಲರು ಓಲಾಡಲು ಶುರುಮಾಡಿದರೆ ಕೊಂಡಿ ಟ್ರೇಲರಿನ ಚಕ್ರಗಳನ್ನು ಮಾತ್ರ ಹಿಡಿದು ಅದನ್ನು ನೇರಕ್ಕೆ ತರುತ್ತಿತ್ತು. ಜೊತೆಗೆ ಹತ್ತಿರದ ಲಾರಿಗಳಿಗೆಲ್ಲ ಒಂದು ಸುದ್ದಿ ಕಳಿಸುತ್ತಿತ್ತು: ನಿನ್ನ ಗಾಳಿ ನನಗೆ ತಾಗಿತು. ಲಾರಿಗಳು ಅದನ್ನು ಕೇಳಿ ಕಲಿಯುತ್ತಿದ್ದವು.

ಈ ಕೊಂಡಿಯ ಪ್ರಯೋಗ ಗೆಲ್ಲುವುದು ಹುಲಿಗೆಮ್ಮನಂಥವರ ಮೀನುಗಾರರ ಸಂಘಕ್ಕೆ ತುಂಬ ಮುಖ್ಯವಾಗಿತ್ತು. ಟ್ರೇಲರುಗಳಿಂದ ಅಪಘಾತ ಹೆಚ್ಚುತ್ತಿದೆ ಎಂದು ಸರಕು ಕಂಪನಿಗಳು ದೂರಿದ್ದವು. ಹೆದ್ದಾರಿ ಮಂಡಳಿಯು ಮುಂದಿನ ತಿಂಗಳಿನಿಂದ ಟ್ರೇಲರು ಎಳೆಯುವ ಸಣ್ಣ ಗಾಡಿಗಳನ್ನು ಹೆದ್ದಾರಿಗೆ ಬಿಡುವುದಿಲ್ಲ ಎಂದು ತೀರ್ಮಾನಿಸಿತ್ತು. ವಾಮದೇವರ ಕೊಂಡಿ ಸಾಬೀತಾದರೆ ಮಾತ್ರ ತೀರ್ಮಾನ ಬದಲಾಗುತ್ತಿತ್ತು. ಇಲ್ಲದಿದ್ದರೆ ಹಳ್ಳಿಗಳ ಒಳದಾರಿ ಹಿಡಿಯಬೇಕು. ಆ ದಾರಿಯಲ್ಲಿ ಕೆರೆ ಮುಟ್ಟುವಷ್ಟರಲ್ಲಿ ಬಿಸಿಲೇರಿ ನೀರು ಕಾಯುತ್ತದೆ, ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತವೆ.

ಮರಿಯಮ್ಮನಹಳ್ಳಿ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಹಿಂದೆ ಮುಂದೆ ಕಣ್ಣಳತೆಯಲ್ಲಿ ಒಂದು ಲಾರಿಯೂ ಇರಲಿಲ್ಲ. ಆದರೂ ಸ್ಟೇರಿಂಗ್ ನಡುಗಿತು. ಕೊಂಡಿ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಎಂದಿತು.

ವಾಮದೇವರ ಮುಖ ಸಪ್ಪಗಾಯಿತು. ಹಿಂದಿನ ಎರಡು ಓಡಾಟಗಳಲ್ಲೂ ಹೀಗೇ ಆಗಿತ್ತು. ಗಾಳಿಯಿಲ್ಲದ ಕಡೆ ಕೊಂಡಿ ಗಾಳಿ ತಾಗಿತು ಎಂದು ದೂರುತ್ತಿತ್ತು. ಆ ಸುದ್ದಿ ಕೇಳಿ ದೂರದಲ್ಲಿದ್ದ ಲಾರಿಗಳೂ ನಿಧಾನವಾಗಿ, ಹಿಂದೆ ಸಾಲು ಬೆಳೆಯುತ್ತಿತ್ತು. ಸರಕು ಕಂಪನಿಗಳಿಗೆ ಇಷ್ಟು ಸಾಕಾಗಿತ್ತು. ಕೊಂಡಿ ಸುಳ್ಳು ಹೇಳುತ್ತದೆ ಎಂದು ಅವರು ಮಂಡಳಿಗೆ ಆಗಲೇ ತಿಳಿಸಿದ್ದರು. ಕಾಲೇಜಿನ ಅಂಗಳದಲ್ಲಿ ಇದೇ ಕೊಂಡಿ ಒಮ್ಮೆಯೂ ತಪ್ಪಿರಲಿಲ್ಲ.

ಅಂದು ವಾಮದೇವರು ಊರಿಗೆ ಮರಳದೆ ಕೆರೆಯವರೆಗೂ ಹೋದರು. ಮರಿ ಬಿಡುವುದನ್ನು ಅವರು ನೋಡಿದ್ದು ಅದೇ ಮೊದಲು. ಹುಲಿಗೆಮ್ಮ ಜೀಪನ್ನು ರಿವರ್ಸ್ ತೆಗೆದುಕೊಂಡು ಟ್ರೇಲರಿನ ಬೆನ್ನು ನೀರಿನ ಅಂಚಿಗೆ ತಾಗುವಷ್ಟು ಇಳಿಸಿದಳು. ಇನ್ನೂ ಇಳಿದರೆ ಜೀಪು ಕೆಸರಿಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಕೊಂಡಿ ಕಳಚಿ, ಟ್ರೇಲರೊಂದನ್ನೇ ಕೈಯಿಂದ ನೂಕಬೇಕು. ಕಳಚುವ ಮೊದಲು ದುರುಗಮ್ಮ ಸೀರೆ ಎತ್ತಿಕಟ್ಟಿ ಟ್ರೇಲರಿನ ಮೂತಿಯ, ಅಂದರೆ ಕೊಂಡಿಗೆ ಸೇರುವ ಮುಂತುದಿಯ, ಕಬ್ಬಿಣದ ಮೇಲೆ ಗಟ್ಟಿಯಾಗಿ ಕುಳಿತಳು.

ವಾಮದೇವರು ಬೆರಗಾಗಿ ಅಲ್ಲೇಕೆ ಕೂತಿರೆಂದು ಕೇಳಿದರು.

"ನಾ ಕುಂದರಲಿಲ್ಲಂದ್ರ ಮೂತಿ ಮ್ಯಾಲ ಹೋಗಿ ಟ್ಯಾಂಕಿ ಕೆಳಗ ಬರತೈತ್ರಿ," ಎಂದಳು ದುರುಗಮ್ಮ. "ನನ್ನ ಮತ್ಯಾಕ ಕರ್ಕೊಂಡು ಬರತಾಳಂತ ಮಾಡೀರಿ? ತೂಕಕ್ಕ."

"ತೂಕಕ್ಕಷ್ಟ ಅಲ್ಲಬೇ ಅಕ್ಕ, ದಾರ್ಯಾಗ ಬೈಸ್ಕೊಳ್ಳಾಕೂ ಒಬ್ಬರು ಬೇಕು," ಎಂದಳು ಹುಲಿಗೆಮ್ಮ.

ವಾಮದೇವರು ನಗಲಿಲ್ಲ. ಟ್ರೇಲರಿನ ಸುತ್ತ ಒಂದು ಸುತ್ತು ಬಂದರು. ಟ್ಯಾಂಕು ಪೂರ್ತಿ ಹಿಂಬದಿಯಲ್ಲಿತ್ತು. ಮುಂದೆ ಬಲೆ, ಬುಟ್ಟಿ ಮತ್ತು ಒಂದು ಸಣ್ಣ ಆಮ್ಲಜನಕದ ಸಿಲಿಂಡರ್ ಮಾತ್ರ. ಯಾಕೆ ಹೀಗೆ ಎಂದು ಕೇಳಿದಾಗ ಹುಲಿಗೆಮ್ಮ ತೋರಿಸಿದಳು. ಮರಿಗಳನ್ನು ಒಮ್ಮೆಲೇ ಕೆರೆಗೆ ಸುರಿಯುವಂತಿಲ್ಲ, ನೀರು ಬದಲಾದದ್ದನ್ನು ಅವು ತಾಳುವುದಿಲ್ಲ. ಕೆರೆಯಲ್ಲಿ ಸೊಂಟಮಟ್ಟ ನಿಂತು, ಕೆರೆಯ ನೀರನ್ನು ಕೊಡದಲ್ಲಿ ತುಂಬಿ ಟ್ಯಾಂಕಿಗೆ ಸ್ವಲ್ಪಸ್ವಲ್ಪ ಬೆರೆಸಬೇಕು. ಮರಿಗಳು ಆ ನೀರಿಗೆ ಹೊಂದಿಕೊಂಡ ಮೇಲೆ ಹಿಂಬದಿಯ ತೂಬು ತೆರೆಯಬೇಕು. ಟ್ಯಾಂಕು ಕೈಗೆಟುಕುವಂತಿರಲೆಂದು ಅವಳ ಮಾವನ ಕಾಲದಿಂದಲೂ ಎಲ್ಲರೂ ಹಿಂದೆಯೇ ಕಟ್ಟುತ್ತಿದ್ದರು.

ವಾಮದೇವರು ಏರಿಯ ಕಲ್ಲಿನ ಮೇಲೆ ಕುಳಿತು ಟ್ರೇಲರಿನ ಚಿತ್ರ ಬರೆದು, ಭಾರ ಎಲ್ಲೆಲ್ಲಿದೆ ಎಂದು ಗುರುತು ಹಾಕಿದರು. ಆಮೇಲೆ ಒಂದು ಉದ್ದ ಗಳ ತರಿಸಿಕೊಂಡು, ಅದರ ಒಂದು ತುದಿಗೆ ನೀರು ತುಂಬಿದ ಕೊಡವನ್ನು ತೂಗುಹಾಕಿದರು. ಕೊಡ ಮುಂದೆ ಬರುವಂತೆ ಗಳವನ್ನು ಹೆಗಲಿಗಿಟ್ಟು ನಡೆಯಲು ಹುಲಿಗೆಮ್ಮನಿಗೆ ಹೇಳಿದರು. ನೆಟ್ಟಗೆ ನಡೆದಳು. ಕೊಡ ಹಿಂದೆ ಬರುವಂತೆ ಇಟ್ಟು ನಡೆಯಲು ಹೇಳಿದರು. ನಾಲ್ಕು ಹೆಜ್ಜೆಗೆ ಗಳದ ಹಿಂಬದಿ ಆಚೀಚೆ ಬೀಸಾಡಿ ಅವಳನ್ನೇ ತಿರುಗಿಸಿತು. ಭಾರ ಹಿಂದಿದ್ದ ಟ್ರೇಲರೂ ಹಾಗೆಯೇ, ಲಾರಿ ಇರಲಿ ಬಿಡಲಿ, ತಾನಾಗಿ ಓಲಾಡುತ್ತದೆ. ಲಾರಿಯ ಗಾಳಿ ಆ ಓಲಾಟವನ್ನು ದೊಡ್ಡದು ಮಾಡುತ್ತದೆ ಅಷ್ಟೆ. ತಾವು ಕಾಲೇಜಿನಲ್ಲಿ ಮರಳುಚೀಲಗಳನ್ನು ಪುಸ್ತಕದಲ್ಲಿ ಹೇಳಿದಂತೆ ಮುಂದೆ ಜೋಡಿಸಿ ಪರೀಕ್ಷಿಸಿದ್ದರಿಂದ ಇದು ಗೊತ್ತೇ ಆಗಲಿಲ್ಲ ಎಂದರು.

"ಹಂಗಾದ್ರ ಅವತ್ತು ನಮ್ಮ ಮನಿಯವರು ಬಿದ್ದದ್ದೂ ಇದಕ್ಕನ?" ಎಂದು ಹುಲಿಗೆಮ್ಮ ಕೇಳಿದಳು.

"ಅರ್ಧ ಇದಕ್ಕೆ, ಅರ್ಧ ಲಾರಿಗೆ," ಎಂದರು ವಾಮದೇವರು. "ಯಮನೂರಪ್ಪನವರಿಗೆ ಇವೆರಡನ್ನೂ ಯಾರೂ ಹೇಳಿರಲಿಲ್ಲ."

ಟ್ಯಾಂಕು ಮುಂದೆ ಬಂತು. ಹಿಂಬದಿಯ ತೂಬಿಗೆ ಉದ್ದನೆಯ ಪೈಪು ಬಂತು. ಯಮನೂರಪ್ಪನೇ ಕುಂಟುತ್ತಾ ಬಂದು ಅದನ್ನು ಜೋಡಿಸಿದ. ಕೊಂಡಿಗೆ ವಾಮದೇವರು ಇನ್ನೊಂದು ವಿಷಯ ಕಲಿಸಿದರು: ಮೂತಿಯ ಮೇಲೆ ಬೀಳಬೇಕಾದಷ್ಟು ಭಾರ ಬೀಳದಿದ್ದರೆ, ಗಾಡಿ ಹೊರಡುವ ಮೊದಲೇ ಹೇಳಬೇಕು. ಹೇರಿದ್ದು ಸರಿಯಿಲ್ಲದಿದ್ದರೆ ಲಾರಿಯನ್ನು ದೂರಬಾರದು.

ಕೊನೆಯ ಪರೀಕ್ಷೆಯ ಬೆಳಿಗ್ಗೆ ಮಂಡಳಿಯವರು ತಮ್ಮ ಕಚೇರಿಯಿಂದಲೇ ಎಲ್ಲವನ್ನೂ ನೋಡುತ್ತಿದ್ದರು. ಖಾಲಿ ರಸ್ತೆಯಲ್ಲಿ ಕೊಂಡಿ ಒಮ್ಮೆಯೂ ಸದ್ದು ಮಾಡಲಿಲ್ಲ. ಎರಡು ಗುಡ್ಡಗಳ ನಡುವಿನ ತೆರಪಿಗೆ ಬಂದಾಗ ಎಡಗಡೆಯಿಂದ ಜೋರಾಗಿ ಗಾಳಿ ಬೀಸಿತು. ಅದೇ ವೇಳೆಗೆ ಬಲಗಡೆ ಉಕ್ಕಿನ ಸುರುಳಿ ಹೊತ್ತ ಲಾರಿಗಳ ಸಾಲು ಬಂದಿತು. ಒಂದು ಕಡೆ ಗುಡ್ಡದ ಗಾಳಿ ನೂಕುತ್ತಿತ್ತು, ಇನ್ನೊಂದು ಕಡೆ ಲಾರಿಯ ಪಕ್ಕ ಎಳೆಯುತ್ತಿತ್ತು. ಟ್ರೇಲರಿನ ಬೆನ್ನು ಬಲಕ್ಕೆ ಜಾರಿದ್ದು ಹುಲಿಗೆಮ್ಮನ ಸೊಂಟಕ್ಕೇ ತಿಳಿಯಿತು. ಕನ್ನಡಿಯಲ್ಲಿ ಟ್ಯಾಂಕಿನ ಪಕ್ಕವೂ ಲಾರಿಯ ಚಕ್ರವೂ ಒಟ್ಟಿಗೆ ಕಂಡವು.

ಅವಳ ಬಲಗಾಲು ಬ್ರೇಕಿನ ಮೇಲೆ ಹೋಗಿತ್ತು. ಇನ್ನೂ ಒತ್ತಿರಲಿಲ್ಲ. ಕೊಂಡಿ ಏನೆಲ್ಲ ಮಾಡಬಲ್ಲದಾದರೂ ಅವಳ ಕಾಲನ್ನು ಹಿಡಿಯಲಾರದು. ವಾಮದೇವರು ಇದನ್ನು ಮೊದಲೇ ಹೇಳಿದ್ದರು. ದುರುಗಮ್ಮ ಸೀಟನ್ನು ಅವುಚಿಕೊಂಡಿದ್ದಳು. ಹುಲಿಗೆಮ್ಮ ಕಾಲನ್ನು ಎತ್ತಿ ಪಕ್ಕಕ್ಕೆ, ಏನೂ ಇಲ್ಲದ ಕಡೆ ಇಟ್ಟಳು. ಸ್ಟೇರಿಂಗ್ ತಿರುಗಿಸಲಿಲ್ಲ, ನೇರ ಹಿಡಿದಳು, ಅಷ್ಟೆ. ಹಿಂದೆ ಕೊಂಡಿ ಟಕ್, ಟಕ್ ಎಂದಿತು. ಟ್ರೇಲರಿನ ಚಕ್ರಗಳು ಹಿಡಿದುಕೊಂಡವು. ಟ್ರೇಲರು ಹಿಂದಕ್ಕೆ ಜಗ್ಗಿದ ಹಗ್ಗದಂತೆ ನೆಟ್ಟಗಾಯಿತು. ಲಾರಿ ವೇಗ ಇಳಿಸಿ ಬಲಕ್ಕೆ ಸರಿಯಿತು. ಅದರ ಹಿಂದಿನವು ಆ ತೆರಪಿಗೆ ಬರುವ ಮೊದಲೇ ಸರಿದುಕೊಂಡವು.

ಮುಂದೆ ರಸ್ತೆ ಅಗಲವಾದ ಕಡೆ ಅವಳು ಗಾಡಿ ನಿಲ್ಲಿಸಿ, ಇಳಿದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಳು. ಮರಿಗಳು ಗುಂಪಾಗಿ ಒಂದೇ ಕಡೆ ತಲೆ ಮಾಡಿ ಸುತ್ತುತ್ತಿದ್ದವು. ಒಂದೂ ತೇಲಿರಲಿಲ್ಲ. ಅವಳು ಮುಚ್ಚಳವನ್ನು ಮತ್ತೆ ಮುಚ್ಚಿ ಅದರ ಮೇಲೆ ಹಣೆಯಿಟ್ಟಳು.

"ಗಂಡಗ ಫೋನು ಹಚ್ಚು," ಎಂದಳು ದುರುಗಮ್ಮ. "ಮುಂಜಾನಿಂದ ಅಂವ ಚಾ ಸೈತ ಕುಡದಿಲ್ಲ."

ಮಂಡಳಿ ತೀರ್ಮಾನ ಬದಲಿಸಿತು, ಟ್ರೇಲರುಗಳು ಹೆದ್ದಾರಿಯಲ್ಲಿ ಉಳಿದವು. ಜೇನುಪೆಟ್ಟಿಗೆ ಸಾಗಿಸುವವರು, ಕುದುರೆ ಸಾಕುವವರು, ಮದುವೆಯ ಶಾಮಿಯಾನದವರು, ಎಲ್ಲರ ಗಾಡಿಗೂ ಕೊಂಡಿ ಬಂತು. ಯಮನೂರಪ್ಪ ಮತ್ತೆ ಜೀಪು ಹತ್ತಿದ. ಮೊದಮೊದಲು ಹೆಂಡತಿಯ ಪಕ್ಕದಲ್ಲಿ ಕುಳಿತ, ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ದಾರಿ ತಾನೇ ಓಡಿಸಿದ.

ಒಂದು ವರ್ಷ ಕಳೆದ ಮೇಲೆ ಸರಕು ಕಂಪನಿಯೊಂದರಿಂದ ವಾಮದೇವರಿಗೆ ಕರೆ ಬಂತು. ಟ್ರೇಲರೇ ಇಲ್ಲದ ಕೆಲವು ಕಡೆ ತಮ್ಮ ಲಾರಿಗಳು ನಿಧಾನವಾಗುತ್ತಿವೆ, ಯಂತ್ರದಲ್ಲಿ ದೋಷವಿದ್ದರೆ ತೆಗೆದುಹಾಕಿ ಎಂದರು. ಅಂಥ ಒಂದು ಜಾಗ ಕೂಡ್ಲಿಗಿಗೆ ಮೊದಲು ಸಿಗುವ ಮಾಬುಸಾಬನ ಚಹಾದಂಗಡಿ. ವಾಮದೇವರು ನೋಡಲು ಬಂದಾಗ, ಕೆರೆಯಿಂದ ಮರಳುತ್ತಿದ್ದ ಹುಲಿಗೆಮ್ಮನೂ ಅಲ್ಲಿ ನಿಂತಿದ್ದಳು.

ಅಂಗಡಿಯ ಮುಂದೆ ಬಸ್ಸಿಗಾಗಿ ಕಾಯುವ ನಾಲ್ಕು ಜನ, ಮೇಲೆ ನೆರಳಿಗೆ ಕಟ್ಟಿದ ಒಂದು ಹಳೆಯ ತಾಡಪಾಲು. ಲಾರಿಗಳ ಸಾಲು ದೂರದಲ್ಲಿ ಕಂಡಿತು. ತಾಡಪಾಲಿನ ಅಂಚು ಸಣ್ಣಗೆ ಅಲುಗಿತು. ಮುಂದಿನ ಲಾರಿ ವೇಗ ತಗ್ಗಿಸಿ ಆಚೆ ಪಟ್ಟಿಗೆ ಸರಿಯಿತು, ಉಳಿದವು ಅದನ್ನು ಹಿಂಬಾಲಿಸಿದವು. ಧೂಳು ಏಳಲಿಲ್ಲ.

ವಾಮದೇವರಿಗೆ ಅರ್ಥವಾಯಿತು. ಕೊಂಡಿಯ ಸುದ್ದಿ ಬಂದಾಗಲೆಲ್ಲ ಲಾರಿಗಳ ಕ್ಯಾಮೆರಾಕ್ಕೆ ಟ್ರೇಲರು ನಡುಗುವುದೂ ಕಾಣುತ್ತಿತ್ತು. ಪಕ್ಕದಲ್ಲಿ ನಡುಗುವುದು ಕಂಡರೆ ಅದು ತನ್ನ ಗಾಳಿ ಎಂದು ಲಾರಿಗಳು ಟ್ರೇಲರುಗಳಿಂದ ಕಲಿತಿದ್ದವು. ಈಗ ತಾಡಪಾಲು, ಸೆರಗು, ಸೈಕಲ್ಲಿಗೆ ಕಟ್ಟಿದ ಹುಲ್ಲಿನ ಹೊರೆ, ಏನು ನಡುಗಿದರೂ ಅವಕ್ಕೆ ಒಂದೇ. ಹಾಗೆ ಮಾಡಲು ಯಾರೂ ಹೇಳಿಕೊಟ್ಟಿರಲಿಲ್ಲ. ದೋಷವಿಲ್ಲ, ತೆಗೆಯುವುದಿಲ್ಲ ಎಂದು ಅವರು ಅಲ್ಲಿಂದಲೇ ಕಂಪನಿಗೆ ತಿಳಿಸಿದರು. ಹುಲಿಗೆಮ್ಮನಿಗೂ ಬಿಡಿಸಿ ಹೇಳಿದರು.

ಅವಳು ಕೇಳಿಸಿಕೊಂಡು, "ಮೊದಲು ಮನುಷ್ಯಾರೇ ಲಾರಿ ಹೊಡೀತಿದ್ರಲ್ಲರಿ ಸರ," ಎಂದಳು. "ಅವರಿಗೆ ಇದು ಕಾಣತಿದ್ದಿಲ್ಲೇನು?"

ಒಲೆಯ ಮುಂದೆ ನಿಂತಿದ್ದ ಮುದುಕ ಮಾಬುಸಾಬ್ ಹೇಳಿದ:

"ಕಾಣತಿತ್ತು ತಂಗಿ. ಒಬ್ಬೊಬ್ಬರು ನಮ್ಮನ್ನ ನೋಡಿ ಸಾವಕಾಶ ಹೋಗೋರು, ಕೈಯೆತ್ತಿ ಹೋಗೋರು. ಅಂಥೋರ ಗಾಡಿ ನನಗ ದೂರದಿಂದನ ಗುರುತು ಸಿಗತಿತ್ತು. ಉಳದೋರ ಲಾರಿ ಬಂದ್ರ ಚಾದ ಗ್ಲಾಸಿನ ಮ್ಯಾಲ ಅಂಗೈ ಮುಚ್ಚತಿದ್ದೆ. ಅಂಥೋರು ಬಂದ್ರ ಮುಚ್ಚತಿದ್ದಿಲ್ಲ."