ಹಳ್ಳದಂಡಿ ಓಣಿಯ ಗಡಿಗಲ್ಲುಗಳು

ಮೇ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಗೌಂಡಿ ಸುಲ್ತಾನಸಾಬ ಶಹಾಪುರದ ಠಾಣೆಗೆ ಬಂದ. ಕುರ್ಚಿ ತೋರಿಸಿದರೂ ಕೂಡಲಿಲ್ಲ.

“ಕಲ್ಲು ಹೋಗ್ಯಾವರಿ ಮೇಡಂ.”

ಪಿಎಸ್‌ಐ ಶಿವರಂಜನಿ ತಲೆ ಎತ್ತಿದಳು. “ಯಾವ ಕಲ್ಲು?”

“ಗಡಿ ಕಲ್ಲರಿ. ನಮ್ಮ ಓಣ್ಯಾಗ ಸರ್ವೇದವ್ರು ನೆಟ್ಟಿದ್ದು. ಹನ್ನೊಂದೂ ಇಲ್ಲ.”

“ಸುತ್ತಾ ಗುಡ್ಡ ಇಟ್ಕೊಂಡು ಕಲ್ಲ ಕದಿಯೋರೂ ಹುಟ್ಟ್ಯಾರಲ್ಲಪಾ,” ಎಂದು ಹೆಡ್ ಕಾನ್‌ಸ್ಟೆಬಲ್ ದ್ಯಾವಪ್ಪ ನಕ್ಕ.

ಸುಲ್ತಾನಸಾಬ ನಗಲಿಲ್ಲ. ಅವನು ಹಳ್ಳದಂಡಿ ಓಣಿಯ ನಿವಾಸಿಗಳ ಸಂಘದ ಅಧ್ಯಕ್ಷ. ಊರ ಅಂಚಿನಲ್ಲಿ, ಗುಡ್ಡದ ನೀರು ಇಳಿದು ಬರುವ ದಾರಿಯಲ್ಲೇ ಗೋಡೆಗೆ ಗೋಡೆ ಹಚ್ಚಿ ಎದ್ದ ಓಣಿ ಅದು. ಕಾಗದವಿಲ್ಲ, ಚರಂಡಿಯಿಲ್ಲ. ಹೋದ ಮಳೆಗಾಲದಲ್ಲಿ ನೀರು ನುಗ್ಗಿ ಎರಡು ಮನೆ ಕುಸಿದಿದ್ದವು. ಆಮೇಲೆ ಓಣಿಯವರೇ ಕೂತು ಒಂದು ತೀರ್ಮಾನಕ್ಕೆ ಬಂದಿದ್ದರು. ಹಳ್ಳದ ದಾರಿಯಲ್ಲಿರುವ ಮನೆಗಳೆಲ್ಲ ತೆರವಾಗಬೇಕು. ಮೇಲಿನ ಏರಿನಲ್ಲಿ ಸಾಲಾಗಿ ಎರಡಂತಸ್ತಿನ ಮನೆಗಳು ಏಳಬೇಕು. ತಗ್ಗಿನ ನೆಲವನ್ನು ಯಾರೂ ಕಟ್ಟದೆ, ಯಾರೂ ಮಾರದೆ, ನೀರು ನಿಂತು ಇಂಗಲು ಬಿಡಬೇಕು. ಹಕ್ಕುಪತ್ರ ಸಂಘದ ಹೆಸರಿಗೆ. ಅಂಗುಲಕ್ಕೆ ಜಗಳಾಡುವ ಜನ ಇದಕ್ಕೆ ಒಪ್ಪಲು ಹೆಚ್ಚುಕಡಿಮೆ ಆರು ತಿಂಗಳು ಹಿಡಿದಿತ್ತು.

“ಶುಕ್ರವಾರ ಯಾದಗಿರಿಯಿಂದ ಸಾಹೇಬ್ರು ಜಾಗಾ ನೋಡಾಕ ಬರ್ತಾರ. ಕಲ್ಲು ಇದ್ರ ಮಂಜೂರು. ಇಲ್ಲಂದ್ರ ಮತ್ತ ಸರ್ವೇ, ಮತ್ತ ಅರ್ಜಿ. ಅಷ್ಟರಾಗ ಮಳಿ ಬರ್ತದ. ಈ ಸಲ ಯಾರ ಮನಿ ಬೀಳ್ತದೋ ಗೊತ್ತಿಲ್ಲ.”

“ಯಾವಾಗ ಕಿತ್ತಿದ್ದು?”

“ನಿನ್ನೆ ಹಗಲು. ಒಪ್ಪಿಗಿ ಕೊಡಾಕಂತ ಇಡೀ ಓಣಿ ಟೆಂಪೋ ಮಾಡ್ಕೊಂಡು ಯಾದಗಿರಿ ಆಫೀಸಿಗೆ ಹೋಗಿತ್ತು. ಸಂಜಿಗೆ ಬಂದು ನೋಡಿದ್ರ ಬರೀ ಕುಳಿ.”

“ಯಾರ ಮ್ಯಾಲಾದರೂ ಅನುಮಾನ?”

“ಸುನೀಲಕುಮಾರ. ಪ್ಲಾಟ್ ದಂಧೆದಂವ. ತಗ್ಗಿನ ಜಾಗಾದ ಮ್ಯಾಲೆ ಅವನ ಕಣ್ಣೈತಿ.”

ಎಫ್‌ಐಆರ್ ದಾಖಲಾಯಿತು. ಸರ್ಕಾರ ನೆಟ್ಟ ಗಡಿಗುರುತು ಕಿತ್ತ ಅಪರಾಧ. ಆರೋಪಿ: ಅಪರಿಚಿತ.

ಹನ್ನೊಂದಕ್ಕೆ ಸ್ಥಳ ಪಂಚನಾಮೆ. ನೆಲ ಕಾದ ಹಂಚಿನಂತಿತ್ತು. ಶಿವರಂಜನಿ ಮೊದಲ ಕುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಚು ಮುಟ್ಟಿ ನೋಡಿದಳು. ಹಾರೆಯ ಏಟಿನ ಗುರುತಿರಲಿಲ್ಲ. ಅಂಚಿನ ಮಣ್ಣು ಒಮ್ಮೆ ಕೆಸರಾಗಿ, ಒಣಗಿ, ಹಪ್ಪಳದಂತೆ ಬಿರಿದಿತ್ತು. ಎರಡನೆಯದರಲ್ಲೂ ಹಾಗೆಯೇ. ಕೊನೆಯದರಲ್ಲಿ ಇನ್ನೂ ತೇವವಿತ್ತು.

“ನೀರು ಹಾಕಿ ನೆನಸ್ಯಾರ,” ಎಂದಳು.

“ಈ ಓಣ್ಯಾಗ ಕುಡಿಯಾಕ ನೀರಿಲ್ಲ. ಕಲ್ಲಿಗೆ ಯಾರ ಹಾಕ್ತಾರ್ರಿ ಮೇಡಂ?” ಎಂದ ದ್ಯಾವಪ್ಪ.

ಕುಳಿಗಳಿಂದ ಸಣ್ಣ ಗಾಲಿಗಳ ಗೆರೆ ಹೊರಟಿತ್ತು. ನೀರಿನ ಕೊಡ ತರುವ ಕೈಗಾಡಿಯದು. ಅಂಥ ಗಾಡಿ ಮನೆಗೊಂದಿತ್ತು, ಹಾಗಾಗಿ ಅದು ಯಾರನ್ನೂ ತೋರಿಸಲಿಲ್ಲ. ಆದರೆ ಗೆರೆ ಹಿಡಿದು ಹೋದಾಗ ಓಣಿಯ ಹಿಂದಿನ ಹಳೆಯ ಕಲ್ಲುಗಣಿ ಬಂತು. ಅದರೊಳಗೆ, ಬಂಡೆಯ ನೆರಳಿನಲ್ಲಿ, ಹನ್ನೊಂದೂ ಕಲ್ಲುಗಳಿದ್ದವು.

ಒಂದೂ ಅಡ್ಡ ಬಿದ್ದಿರಲಿಲ್ಲ. ಬುಡಕ್ಕೆ ಚಿಪ್ಪುಗಲ್ಲು ಕೊಟ್ಟು, ಮೂಡಣಕ್ಕೆ ಮುಖ ಮಾಡಿ, ಸಾಲಾಗಿ ನಿಲ್ಲಿಸಿದ್ದರು. ನೆಟ್ಟ ದಿನ ಓಣಿಯವರು ಬಳಿದಿದ್ದ ವಿಭೂತಿ, ಕುಂಕುಮ ಹಾಗೇ ಇತ್ತು.

“ಕಳ್ಳರು ಗುಡಿ ಕಟ್ಟ್ಯಾರ ನೋಡ್ರಿ,” ಎಂದ ದ್ಯಾವಪ್ಪ.

“ಸುನೀಲಕುಮಾರನ ಆಳುಗಳಾಗಿದ್ರ?”

“ಉರುಳಿಸಿ ಹೋಗಿರ್ತಿದ್ರು. ಕೂಲಿಯಂವ ಕಲ್ಲಿನ ಮುಖ ಯಾವ ಕಡಿ ಐತಿ ಅಂತ ನೋಡ್ತಾನೇನ್ರಿ?”

ಸುನೀಲಕುಮಾರನನ್ನು ಹೇಗಿದ್ದರೂ ಕರೆಸಿದಳು. ಅವನು ಮಂಗಳವಾರ ಹಗಲೆಲ್ಲ ಸುರಪುರದ ಕೋರ್ಟಿನಲ್ಲಿದ್ದ, ವಕೀಲರು ಖಚಿತಪಡಿಸಿದರು. ಹೋಗುವಾಗ ಅವನು, “ಕಲ್ಲು ಕೀಳೋ ಬುದ್ಧಿ ನನಗ ಮೊದಲ ಹೊಳೀಲಿಲ್ಲ ನೋಡ್ರಿ,” ಎಂದ. ದ್ಯಾವಪ್ಪ ಅವನಿಗೆ ಬಾಗಿಲು ತೋರಿಸಿದ.

ಕಲ್ಲು ಕಿತ್ತವರು ಪೂಜೆಯ ದಿನ ಅಲ್ಲಿ ಕೈಮುಗಿದು ನಿಂತವರೇ. ಮಧ್ಯಾಹ್ನ ಮೂರಕ್ಕೆ ಶಿವರಂಜನಿ ಮತ್ತೆ ಓಣಿಗೆ ಹೋದಳು. ಯಾದಗಿರಿಗೆ ಯಾರು ಬಂದಿದ್ದರು, ಯಾರು ಬಿಟ್ಟಿದ್ದರು ಎಂಬುದು ಎರಡು ಟೆಂಪೋದ ಗದ್ದಲದಲ್ಲಿ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಅವಳು ಬೇರೆ ಪ್ರಶ್ನೆ ಕೇಳಿದಳು. ಟ್ಯಾಂಕರ್ ಬಂದದ್ದು ಸೋಮವಾರ. ಮಂಗಳವಾರ ಸಂಜೆಗೇ ನೀರು ತೀರಿದ್ದು ಯಾರ ಮನೆಯಲ್ಲಿ?

“ನೀರಿನ ಕಂಪ್ಲೇಂಟ್ ಪೊಲೀಸರ ಕಡಿ ಬಂತೇನವ್ವಾ ಈಗ?” ಎಂದು ಒಬ್ಬಾಕೆ ಸೊಂಟಕ್ಕೆ ಕೈಯಿಟ್ಟಳು. “ಹಂಗಾರ ಬರ್ಕೋರಿ. ಟ್ಯಾಂಕರಿನಂವ ಅರ್ಧಾ ದಾರ್ಯಾಗ ಚೆಲ್ಲಿ ಬರ್ತಾನ. ಅವನ್ನ ಮೊದಲ ಒಳಗ ಹಾಕ್ರಿ.”

ಆರು ಮನೆ ಬೈಗುಳ ಕೇಳಿದ ಮೇಲೆ ಸುಲ್ತಾನಸಾಬನ ಮನೆ ಬಂತು. ಅವನ ಹೆಂಡತಿ ಹುಸೇನಬೀ ಮಗಳ ತಲೆ ಬಾಚುತ್ತಿದ್ದಳು.

“ನಮಗ ತೀರಿಲ್ಲರಿ. ಬಾಜು ಮನಿ ಮಲ್ಲಾಬಾಯಿ ಅಕ್ಕಗ ಎರಡು ಕೊಡ ಕೊಟ್ಟೆ. ಡ್ರಮ್ಮು ಸೋರಿತಂತ.”

“ನಿನ್ನೆ ಆಕಿ ಟೆಂಪೋದಾಗ ಇದ್ಳೇನು?”

“ಹಿಂದಿನದ್ರಾಗ ಬರ್ತೀನಿ ಅಂದಿದ್ಳರಿ,” ಎಂದು ಹುಸೇನಬೀ ಬಾಚಣಿಗೆ ನಿಲ್ಲಿಸಿದಳು. “ಯಾಕ್ರಿ?”

ಬಾಜು ಮನೆ ಒಂದೇ ಕೋಣೆ. ಮಲ್ಲಾಬಾಯಿ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ವಯಸ್ಸು ಐವತ್ತರ ಆಸುಪಾಸು. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದ್ಯಾವಪ್ಪ ಡ್ರಮ್ಮನ್ನು ಓರೆ ಮಾಡಿ ಬುಡ ನೋಡಿದ. ಎರಡು ಕೊಡದಷ್ಟು ನೀರಿತ್ತು. ಬುಡ ಒಣಗಿತ್ತು.

“ಸೋರಾಕತ್ತಿಲ್ಲಲ್ಲ,” ಎಂದಳು ಶಿವರಂಜನಿ.

“ಇಲ್ಲರಿ.”

“ನೀರು ಎಲ್ಲಿ ಹೋತು?”

“ಕಲ್ಲಿನ ಬುಡಕ್ಕ.” ಮಲ್ಲಾಬಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಹಾರಿ ಎತ್ತಾಕ ತ್ರಾಣಿಲ್ಲ. ಮಣ್ಣು ನೆಂದಮ್ಯಾಲೆ ಅಲಗಾಡಿಸಿದ್ರ ತಾವಾ ಬಂದ್ವು.”

“ಎಸೆದಿದ್ರ ಆಗ್ತಿತ್ತು. ನಿಲ್ಲಿಸಿದ್ದು ಯಾಕ?”

“ಪೂಜಿ ಮಾಡಿದ ಕಲ್ಲು ಅಡ್ಡ ಕೆಡುವ್ತಾರೇನ್ರಿ?”

“ಯಾರು ಹೇಳಿ ಮಾಡಿಸಿದ್ರು? ಸುನೀಲಕುಮಾರ?”

“ಯಾರ ಆಂವ?”

“ಹೊಸಾ ಮನಿ ಬ್ಯಾಡೇನು ನಿನಗ?”

“ಕೊಟ್ಟಾರಲ್ಲರಿ. ಒಂಟಿ ಮಂದಿಗೆ ಮ್ಯಾಲಿನ ಸಾಲು, ಸಣ್ಣ ಖೋಲಿ. ಮಕ್ಕಳು ಮರಿ ಇದ್ದವರಿಗೆ ಆ ತುದಿ, ಕೆಳಗಿನ ಮನಿ. ಹುಸೇನಬೀ ಆ ತುದಿ.”

“ಬಾಜು ಬೇಕು ಅಂತ ಸಭಾದಾಗ ಹೇಳಬೇಕಿತ್ತು.”

“ಏನಂತ ಹೇಳ್ಲಿ?” ಅವಳ ದನಿ ಮೊದಲ ಸಲ ಏರಿತು. “ಎಲ್ಲಾರೂ ಚರಂಡಿ ಕೇಳಾಕತ್ತಿದ್ರು, ನಳ ಕೇಳಾಕತ್ತಿದ್ರು. ನಾ ಎದ್ದು, ಈ ಗೋಡಿ ಆಚಿ ಯಾರಾದ್ರೂ ಕೆಮ್ಮಿದ್ದು ನನಗ ಕೇಳಸಬೇಕು ಅಂತ ಅರ್ಜಿ ಕೊಡ್ಲ್ಯಾ? ಮಂದಿ ನಗೂದಿಲ್ಲೇನು? ಆಕಿ ಮಗಳು ಹುಟ್ಟಿದ ರಾತ್ರಿಯಿಂದ ಕೇಳಾಕತ್ತೀನಿ. ಮಗ್ಗಿ ಕಲ್ತದ್ದು ಕೇಳೈತಿ ಈ ಗೋಡಿ. ನಾ ರೊಟ್ಟಿ ಬಡದ್ರ ಆ ಕಡಿಂದ ಆಕಿ ಬಡೀತಾಳ. ಕೈ ಎತ್ತು ಅಂದ್ರು, ಎಲ್ಲಾರ ಜೋಡಿ ಎತ್ತಿದೆ.”

ಶಿವರಂಜನಿ ಆ ಗೋಡೆಯನ್ನೊಮ್ಮೆ ನೋಡಿದಳು. ಅವಳ ಕ್ವಾರ್ಟರ್ಸಿನ ಎರಡೂ ಪಕ್ಕದ ಮನೆಗಳು ಖಾಲಿ. ಸಂಜೆ ಹೋದ ಕೂಡಲೇ ಟಿವಿ ಹಚ್ಚುತ್ತಿದ್ದಳು. ಏನು ಬರುತ್ತಿದೆಯೆಂದು ನೋಡುತ್ತಿರಲಿಲ್ಲ.

ಬಾಗಿಲಲ್ಲಿ ಹುಸೇನಬೀ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಅಕ್ಕಾ,” ಎಂದಳು. “ಹೋದ ಮಳ್ಯಾಗ ನನ್ನ ಮಕ್ಕಳನ್ನ ಹೊರಸಿನ ಮ್ಯಾಲೆ ನಿಲ್ಲಿಸ್ಕೊಂಡು ಬೆಳತನಾ ಅತ್ತೆ. ಅದೂ ಈ ಗೋಡಿಯಿಂದ ಕೇಳಿಸಿತ್ತಲ್ಲ ನಿನಗ?”

“ಕೇಳಿಸಿತ್ತವ್ವ.”

“ಕೇಳಿಸ್ಕೊಂಡೂ ಕಿತ್ತಿ.”

ಹುಸೇನಬೀ ಮಗಳ ಕೈ ಹಿಡಿದು ಹೊರಟುಹೋದಳು.

ಹೆಂಗಸಾದ್ದರಿಂದ ಸೂರ್ಯ ಮುಳುಗುವ ಮೊದಲೇ ದಸ್ತಗಿರಿ ಆಗಬೇಕಿತ್ತು. ಐದಕ್ಕೆ ಜೀಪು ಹತ್ತಿಸಿದರು. ಓಣಿಯ ಜನ ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಬೈಯಲಿಲ್ಲ, ಯಾರೂ ಹತ್ತಿರ ಬರಲಿಲ್ಲ. ಸುಲ್ತಾನಸಾಬ ಮಾತ್ರ ಜೀಪಿನ ಪಕ್ಕ ಬಂದು, “ಕಲ್ಲು ಯಾವಾಗ ಕೊಡ್ತೀರಿ?” ಎಂದು ಕೇಳಿದ. ಕಲ್ಲುಗಳು ಈಗ ಮುದ್ದೆಮಾಲು, ಕೇಸಿನ ಸಾಕ್ಷ್ಯವಸ್ತು. ಕೋರ್ಟಿನ ಅಪ್ಪಣೆಯಿಲ್ಲದೆ ಕೊಡುವಂತಿರಲಿಲ್ಲ. ಶಿವರಂಜನಿ ಠಾಣೆಗೆ ಬಂದವಳೇ ಅದರ ವರದಿ ಬರೆದು, ಗುರುವಾರ ಬೆಳಿಗ್ಗೆಯೇ ಮ್ಯಾಜಿಸ್ಟ್ರೇಟರ ಮುಂದೆ ಇಡಲು ದ್ಯಾವಪ್ಪನ ಕೈಗೆ ಕೊಟ್ಟಳು. ಗುರುವಾರ ಸಂಜೆಯೊಳಗೆ ಕಲ್ಲುಗಳು ಅವವೇ ಕುಳಿಗಳಿಗೆ ಹೋಗಬೇಕು. ಹೋಗುತ್ತವೆ. ಶುಕ್ರವಾರದ ತಪಾಸಣೆಗೆ ತೊಂದರೆಯಿಲ್ಲ.

ಆಮೇಲೆ ದಸ್ತಗಿರಿ ಪತ್ರ ತೆಗೆದುಕೊಂಡಳು.

“ಹಿಡಿದಿದ್ದು ಯಾರಿಗೆ ತಿಳಿಸಬೇಕು? ಅಣ್ಣ ತಮ್ಮ, ಬೀಗರು, ಯಾರಾದರೂ.”

“ಯಾರಿಲ್ಲರಿ.”

“ಒಂದು ಹೆಸರು ಬೇಕು. ಕಾನೂನು ಐತಿ.”

ಮಲ್ಲಾಬಾಯಿ ನೆಲ ನೋಡಿದಳು. “ಹುಸೇನಬೀ ಅಂತ ಬರ್ಕೋರಿ.”

ದ್ಯಾವಪ್ಪ ಶಿವರಂಜನಿಯ ಮುಖ ನೋಡಿದ. ಅವಳು ಫೋನ್ ಹಚ್ಚಿದಳು. ಮೂರನೆಯ ಸಲಕ್ಕೆ ಎತ್ತಿದರು. ಠಾಣೆಯಿಂದ ಎಂದು ಹೇಳಿ, ವಿಷಯ ತಿಳಿಸಿದಳು.

“ಆಕಿ ನಮಗ ಏನೂ ಆಗಬೇಕಿಲ್ಲರಿ,” ಎಂದಿತು ಆ ಕಡೆಯಿಂದ ಹುಸೇನಬೀಯ ದನಿ. ಫೋನ್ ಕಟ್ಟಾಯಿತು.

ಶಿವರಂಜನಿ ಫೋನ್ ಮೇಜಿನ ಮೇಲಿಟ್ಟಳು.

“ಕೇಳಿಸ್ತರಿ,” ಎಂದಳು ಮಲ್ಲಾಬಾಯಿ. ಆಮೇಲೆ ತನಗೇ ಎಂಬಂತೆ, “ಇವತ್ತು ಉಂಡಿಲ್ಲ ಆಕಿ. ದನಿಮ್ಯಾಲೆ ಗೊತ್ತಾಗ್ತದ,” ಎಂದಳು.

ಮಾಹಿತಿ ನೀಡಲಾದವರ ಹೆಸರಿನ ಮುಂದೆ ಸಂಬಂಧ ಎಂದು ಕೇಳುವ ಜಾಗವಿತ್ತು. ಶಿವರಂಜನಿ ‘ನೆರೆಮನೆ’ ಎಂದು ಬರೆದು, ಸಮಯ ನಮೂದಿಸಿ, ಹೆಬ್ಬೆಟ್ಟಿಗೆ ಶಾಯಿಯ ಡಬ್ಬಿ ಮುಂದೆ ಸರಿಸಿದಳು.