ಅಪ್ಪನ ದನಿಯಿದ್ದ ಫೋಲ್ಡರ್

"ಡಿಲೀಟ್ ಮಾಡಿದ್ದು ನೀವೇನಾ?"

ಹಲಸೂರಿನ ಆ ಪುಟ್ಟ ಪ್ರಿಂಟಿಂಗ್ ಅಂಗಡಿಯಲ್ಲಿ ಹಂಸಳ ಕೂಗಿಗೆ ಗಿರಾಕಿಗಳೂ ತಿರುಗಿ ನೋಡಿದರು. ಪಕ್ಕದ ಮೇಜಿನ ವಸಂತ್ ಒಂದು ಕ್ಷಣ ಅವಳ ಮುಖವನ್ನೇ ನೋಡಿ ತಲೆ ತಗ್ಗಿಸಿದ.

"ಹೌದು ರೀ... ನಾನೇ. ತಪ್ಪಾಯ್ತು."

ತಪ್ಪಾಯ್ತಂತೆ! ಅಪ್ಪ ಮುನಿಆಂಜನಪ್ಪ ತೀರಿಕೊಂಡು ಇನ್ನೂ ಒಂಬತ್ತು ದಿನ. ಅವರ ದನಿ ಅಂತ ಉಳಿದಿದ್ದು ಒಂದೇ ಒಂದು ವಿಡಿಯೋ. "ಊಟ ಮಾಡ್ದೇನವ್ವಾ?" ಎಂದು ಕೇಳುವ ಇಪ್ಪತ್ತು ಸೆಕೆಂಡು. ಹಳೇ ಫೋನ್ ಪೂರ್ತಿ ಕೆಡುವ ಮುಂಚೆ ಅದನ್ನು ವಸಂತನ ಕಂಪ್ಯೂಟರಿನ ಶೇರ್ಡ್ ಫೋಲ್ಡರಿನಲ್ಲಿ 'ಅಪ್ಪ' ಎಂಬ ಹೆಸರಿನ ಫೋಲ್ಡರ್ ಮಾಡಿ ಹಾಕಿದ್ದಳು. ಅಂಗಡಿಯವರೆಲ್ಲ ಕೆಲಸದ ಫೈಲುಗಳನ್ನು ಇಡುತ್ತಿದ್ದುದು ಅಲ್ಲೇ; ಎಲ್ಲರ ಕಂಪ್ಯೂಟರಿನಲ್ಲೂ ಅದು ಕಾಣುತ್ತಿತ್ತು.

"ನಿಮ್ಮಪ್ಪಂದಾಗಿದ್ರೆ ಹೀಗ್ ಮಾಡ್ತಿದ್ರಾ? ಇನ್ಮೇಲೆ ನನ್ ಹತ್ರ ಮಾತಾಡ್ಬೇಡಿ!"

ಅವನು ಮಾತಾಡಲಿಲ್ಲ. ಒಂದು ತಿಂಗಳು ಹಾಗೇ ಕಳೆಯಿತು. ಅವಳ ಹಾಳು ಮನಸ್ಸೋ, ಅವನು ಕೆಮ್ಮಿದರೂ ಅತ್ತಲೇ ತಿರುಗುತ್ತಿತ್ತು. ಇಷ್ಟಪಟ್ಟವನೇ ಹೀಗೆ ಮಾಡಿಬಿಟ್ಟನಲ್ಲ ಎಂದು ಒಳಗೊಳಗೇ ಬೇಯುತ್ತಿದ್ದಳು.

ಒಂದು ಮಧ್ಯಾಹ್ನ ಮಾಲೀಕ ಫಹೀಮ್ ಭಾಯ್, ಹೊಸದಾಗಿ ಸೇರಿದ ದಿವ್ಯಳಿಗೆ ಕೆಲಸ ಹೇಳಿಕೊಡುತ್ತಿದ್ದರು.

"ನೋಡಮ್ಮ, ಈ ಶೇರ್ಡ್ ಫೋಲ್ಡರ್‌ನಲ್ಲಿ ಕಾಣೋದು ಕಾಪಿ ಅಲ್ಲ. ವಸಂತ್ ಕಂಪ್ಯೂಟರ್‌ನಲ್ಲಿರೋದೇ ಇಲ್ಲೂ ಕಾಣ್ತದೆ. ಇಲ್ಲಿ ಡಿಲೀಟ್ ಮಾಡಿದ್ರೆ ಅಲ್ಲೂ ಹೋಯ್ತು. ರಿಸೈಕಲ್ ಬಿನ್‌ನಲ್ಲೂ ಸಿಗಲ್ಲ, ಹುಷಾರು!"

ಕೇಳಿಸಿಕೊಂಡ ಹಂಸ ಮೌಸ್ ಬಿಟ್ಟು ಎದ್ದು ನಿಂತಳು.

ಅಯ್ಯೋ ದೇವರೇ... ತನ್ನ ಕಂಪ್ಯೂಟರ್ ತುಂಬಿದೆ, ಹೇಗೂ ಎರಡು ಕಡೆ ಇದೆಯಲ್ಲ ಎಂದುಕೊಂಡು 'ಅಪ್ಪ' ಫೋಲ್ಡರನ್ನು ಅಳಿಸಿದ್ದು ತಾನೇ! "ಜಾಗ ಇರ್ಲಿಲ್ಲ, ನನ್ ಕಡೆ ಇದ್ದ ಕಾಪಿ ಅಳಿಸ್ದೆ" ಎಂದು ವಸಂತನಿಗೆ ಹೇಳಿದ್ದೂ ತಾನೇ!

ಟೀ ಕುಡಿಯಲು ಹೊರಗೆ ಹೋಗಿದ್ದ ಅವನ ಮುಂದೆ ಹೋಗಿ ನಿಂತಳು.

"ನಾನೇ ಅಳಿಸಿದ್ದು ಅಂತ ನಿಮಗೆ ಗೊತ್ತಿತ್ತು. ಯಾಕ್ ರೀ ಸುಳ್ಳು ಹೇಳಿದ್ರಿ?"

"ಆವತ್ತು ನೀವು ನಿಲ್ಲೋಕೂ ಆಗ್ದೆ ನಡುಗ್ತಿದ್ರಿ. ಕೈಯಾರೆ ಕಳ್ಕೊಂಡೆ ಅಂತ ಗೊತ್ತಾಗಿದ್ರೆ... ನನ್ನ ಬೈಕೊಂಡಾದ್ರೂ ಇರ್ಲಿ ಅನ್ನಿಸ್ತು."

"ವಾಪಸ್ ಬರಲ್ವಾ ಅದು?"

"ಹಾರ್ಡ್ ಡಿಸ್ಕ್ ಮೂರು ಕಡೆ ತೋರಿಸ್ದೆ. ಆಗ್ಲಿಲ್ಲ ಹಂಸ."

ಅವಳು ಬೀದಿಯಲ್ಲೇ ಬಿಕ್ಕಿಬಿಕ್ಕಿ ಅತ್ತಳು. "ಅಪ್ಪನ ದನಿ ಮರ್ತೇಹೋಗ್ತೀನೇನೋ ಅಂತ ಭಯ ಆಗ್ತಿದೆ ವಸಂತ್..."

"ನನಗೆ ಹೇಳಿ. ಹೇಗೆ ಮಾತಾಡ್ತಿದ್ರು, ಏನಂತ ಬೈತಿದ್ರು, ಎಲ್ಲ. ನಾನೂ ನೆನಪಿಟ್ಕೋತೀನಿ."

"ಎಷ್ಟು ದಿನ ಅಂತ ಕೇಳ್ತೀರಾ?"

"ಜೀವ ಇರೋವರೆಗೂ. ನಂಗೆ ನೀವಂದ್ರೆ ಇಷ್ಟ ಹಂಸ."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದುಕೊಂಡಳು.

"ಕೋಪ ಬಂದ್ರೆ..." ಎಂದಳು. "ಕೋಪ ಬಂದ್ರೆ ಮಾತ್ರ ಅಪ್ಪ ಪೂರ್ತಿ ಹೆಸ್ರು ಹಿಡಿದು ಕರೀತಿದ್ರು. ಇಲ್ದಿದ್ರೆ, ಹಂಸಿ."