ಕೊನೆಯ ಬೊಗಸೆ

"ಯೇ..."

ಅರವಟ್ಟಿಗೆಯ ಚಪ್ಪರದ ಮುಂದೆ ನಿಂತ ಆ ಮನುಷ್ಯ ಅಷ್ಟೇ ಅಂದ.

ಬಿಸಿಲಿಗೆ ಕಪ್ಪಿಟ್ಟ ಮುಖ, ತಲೆಯ ತುಂಬ ಜಲ್ಲಿಯ ಧೂಳು. ಎಂಥ ಮಾತೋ, ಯಾವ ಸೀಮೆಯದೋ, ವರಲಕ್ಷ್ಮಿಗೆ ತಿಳಿಯಲಿಲ್ಲ. ಆದರೆ ಅವನ ಎರಡು ಅಂಗೈಗಳು ಸೇರಿ ಬೊಗಸೆಯಾಗಿದ್ದವು. ಅವಳು ಗಿಂಡಿ ಬಗ್ಗಿಸಿದಳು.

ಅವನು ಕಣ್ಣು ಮುಚ್ಚಿ ಕುಡಿದ. ಒಂದು ಗಿಂಡಿ ಮುಗಿಯಿತು, ಎರಡನೆಯದೂ ಮುಗಿಯಿತು. ಕುಡಿಯುವವರು ಸಾಕೆಂದು ತಲೆ ಅಲ್ಲಾಡಿಸುವ ತನಕ ನೀರು ಬಿಡುತ್ತಲೇ ಇರಬೇಕು, ಅದು ಅರವಟ್ಟಿಗೆಯ ಧರ್ಮ. ಅವನು ತಲೆ ಅಲ್ಲಾಡಿಸಿದ. ಆದರೆ ತುಂಬಿದ ಆ ಕೊನೆಯ ಬೊಗಸೆಯನ್ನು ಬಾಯಿಗೆ ಒಯ್ಯಲಿಲ್ಲ. ನಾಲ್ಕು ಹೆಜ್ಜೆ ಆಚೆ ಹೋಗಿ ಹೊಂಗೆಮರದ ಬುಡದಲ್ಲಿ ಕೈ ಬಿಚ್ಚಿಬಿಟ್ಟ!

ಒಣಮಣ್ಣು ಆ ನೀರನ್ನು ಒಂದೇ ಗುಟುಕಿಗೆ ನುಂಗಿತು.

ವರಲಕ್ಷ್ಮಿ ಗಿಂಡಿ ಹಿಡಿದೇ ಚಪ್ಪರದಿಂದ ಹೊರಗೆ ಬಂದಳು.

"ಯಾಕ್ರೀ ಚೆಲ್ಲಿದ್ರಿ?"

ಅವನು ತಿರುಗಿ ನೋಡಿದ. ತಲೆಗೆ ಟವೆಲು ಸುತ್ತಿಕೊಂಡು ರಸ್ತೆ ಕೆಲಸದ ಗ್ಯಾಂಗಿನ ಕಡೆಗೆ ನಡೆದುಬಿಟ್ಟ.

'ನನ್ನಂಥೋಳ ಕೈ ನೀರು ಅಂತ ಆಮೇಲೆ ಹೊಳೀತೇನೋ...' ಅವಳು ತನ್ನ ಬೋಳುಹಣೆಯನ್ನು ಸೆರಗಿನಿಂದ ಮುಚ್ಚಿಕೊಂಡಳು.

ಅದು ಯುದ್ಧದ ಕಾಲ, ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆ. ಹೊಸಕೋಟೆ ದಾಟಿ ಕೋಲಾರದ ಕಡೆಗೆ ಹೋಗುವ ಮದ್ರಾಸು ರಸ್ತೆಯಲ್ಲಿ ಹಗಲೆಲ್ಲ ಮಿಲಿಟರಿ ಲಾರಿಗಳ ಓಡಾಟ. ಅವುಗಳ ಭಾರಕ್ಕೆ ರಸ್ತೆ ಕಿತ್ತುಹೋಗಿ ಜಲ್ಲಿ ಹಾಕುವ ಗ್ಯಾಂಗು ಬಂದಿತ್ತು. ಆ ರಸ್ತೆಯ ಬದಿಯಲ್ಲೇ ಅಮ್ಮಯಮ್ಮ ಎಂಬ ಮುದುಕಿ ಸತ್ತ ಮಗನ ಹೆಸರಿನಲ್ಲಿ ವರ್ಷವರ್ಷವೂ ಅರವಟ್ಟಿಗೆ ಇಡುತ್ತಿದ್ದಳು. ಯುಗಾದಿಗೆ ಚಪ್ಪರ ಎದ್ದರೆ ಮುಂಗಾರು ಬೀಳುವ ತನಕ ದಾರಿಹೋಕರಿಗೆ ಬಿಟ್ಟಿ ನೀರು. ಆ ಮಗನನ್ನು ಕಟ್ಟಿಕೊಂಡಿದ್ದವಳೇ ಜಡಿಗೇನಹಳ್ಳಿಯ ಹುಡುಗಿ ವರಲಕ್ಷ್ಮಿ. ಹದಿನಾಲ್ಕಕ್ಕೆ ತಾಳಿ, ಹದಿನೈದಕ್ಕೆ ಬೋಳುಹಣೆ. ಈಗ ಅವಳಿಗೆ ಇಪ್ಪತ್ತೆರಡು. ಗಂಡನ ಮುಖ ಕೂಡ ಸರಿಯಾಗಿ ನೆನಪಿರಲಿಲ್ಲ.

ಮದುವೆಮನೆಗೆ ಕರೆಯುವವರಿಲ್ಲ, ಹಬ್ಬದ ದಿನ ಎದುರಿಗೆ ಸಿಕ್ಕಿದರೆ ಜನ ಮುಖ ತಿರುಗಿಸುತ್ತಿದ್ದರು. ಈ ಗಿಂಡಿಯೊಂದೇ ಅವಳ ಪಾಲಿಗಿದ್ದ ಮರ್ಯಾದೆ. ಬಾಯಾರಿದವರು ಯಾರ ಹಣೆಯನ್ನೂ ನೋಡುವುದಿಲ್ಲ ಎಂದು ಅವಳು ನಂಬಿದ್ದಳು.

ಆದರೆ ಹಿಂದಿನ ವಾರ ಮದುವೆಗಾಡಿಯಿಂದ ಇಳಿದ ಹೆಂಗಸೊಬ್ಬಳು ಕೈಯೊಡ್ಡಿದ ಮಗುವನ್ನು ಎಳೆದುಕೊಂಡಿದ್ದಳು. "ಬ್ಯಾಡ ಬಾರೋ, ಮುಂದಿನೂರಲ್ಲಿ ಕುಡಿಯೋಣ..."

ಆ ಗಾಯ ಇನ್ನೂ ಹಸಿಯಾಗಿತ್ತು. ಅಷ್ಟರಲ್ಲಿ ಇವನು!

ಇವನು ಮರುದಿನವೂ ಬಂದ, ಅದರ ಮರುದಿನವೂ ಬಂದ. ದಿನವೂ ಹೊಟ್ಟೆ ತುಂಬ ಕುಡಿದು, ದಿನವೂ ಕೊನೆಯ ಬೊಗಸೆಯನ್ನು ಅದೇ ಹೊಂಗೆಯ ಬುಡಕ್ಕೆ ಚೆಲ್ಲಿ ಹೋಗುತ್ತಿದ್ದ.

"ದಿನಾ ನೀರು ಚೆಲ್ಲಿ ಹೋಗ್ತಾರಲ್ಲ, ಅವರು ಯಾರು ಸಾಬ್ರೇ?" ಅವಳು ಜಟಕಾ ಹೊಡೆಯುವ ರಜಾಕ್ ಸಾಬರನ್ನು ಕೇಳಿದಳು. ಹೊಸಕೋಟೆಯ ಸಾಬರು ದಿನಕ್ಕೆರಡು ಸಲ ಅಲ್ಲಿ ಕುದುರೆ ನಿಲ್ಲಿಸುತ್ತಿದ್ದರು.

"ಮುನಿಸ್ವಾಮೀನಾ? ರಂಗೂನಿಂದ ಓಡಿ ಬಂದೋನು ಬೇಟಿ. ಅಪ್ಪ ಅಮ್ಮ ಕುಂದಾಣದ ಕಡೆಯೋರು. ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಬರ್ಮಾದಾಗೆ. ಜಪಾನಿನೋರು ಬಾಂಬ್ ಹಾಕಿದಾಗ ಕಾಡು ಬೆಟ್ಟ ದಾಟ್ಕೊಂಡು ನಡ್ಕೊಂಡೇ ಬಂದನಂತೆ."

"ಮೊದಲ್ನೇ ದಿನ 'ಯೇ' ಅಂದ್ರು."

"ಅಲ್ಲಿ ನೀರಿಗೆ ಹಂಗೇ ಅಂತಾರೆ. ಬಾಳಾ ಸುಸ್ತಾದಾಗ ಅವನ ಬಾಯಿಗೆ ಅದೇ ಬರ್ತದೆ. ಏನ್ ವಿಷ್ಯ, ಬಾಳಾ ವಿಚಾರಿಸ್ತಾ ಇದೀಯಾ?" ಸಾಬರು ಗಡ್ಡದಲ್ಲೇ ನಕ್ಕರು.

"ಹೋಗಿ ಸಾಬ್ರೇ! ಮೊದ್ಲು ನಿಮ್ಮ ಕುದ್ರೆಗೆ ಕುಡಿಸ್ಕೊಳ್ಳಿ."

ವರಲಕ್ಷ್ಮಿಯ ಮನಸ್ಸಿನಲ್ಲಿ ಆ ಪದವೂ ಉಳಿಯಿತು. ಅವಳಿಗೆ ಓದು ಬರದು, ಆದರೆ ಆ ರಸ್ತೆ ಅವಳಿಗೆ ಏನೆಲ್ಲ ಕಲಿಸಿತ್ತು! ಮಾಲೂರಿನ ಕಡೆಯ ಗಾಡಿಯವರು 'ನೀಳ್ಳು' ಅನ್ನುತ್ತಿದ್ದರು, ಸೇಲಂನಿಂದ ಬರುವವರು 'ತಣ್ಣಿ' ಅನ್ನುತ್ತಿದ್ದರು. ಲಾರಿಯಿಂದ ಧುಮುಕುವ ಸಿಪಾಯಿಗಳಲ್ಲಿ ಒಬ್ಬ 'ಪಾಣಿ' ಅಂದರೆ ಇನ್ನೊಬ್ಬ 'ವೆಳ್ಳಂ', ಕೆಂಪುಮೂತಿಯವನು 'ವಾಟರ್'. ರಾಗಿ ಬೀಸುವಾಗ ಅವಳು ದೇವರ ಹೆಸರುಗಳಂತೆ ಅವನ್ನೆಲ್ಲ ಹೇಳಿಕೊಳ್ಳುತ್ತಿದ್ದಳು.

ಅವಳು ಗಮನಿಸಿದ್ದು ಇನ್ನೊಂದಿತ್ತು. ರಜಾಕ್ ಸಾಬರು 'ಪಾನಿ' ಅಂದಾಗ ಅದು ಅವರಿಗಲ್ಲ, ಕುದುರೆಗೆ. ಕಂಕುಳಲ್ಲಿ ಕೂಸು ಇರುವವಳು 'ನೀಳ್ಳು' ಅಂದರೆ ಅದು ಕೂಸಿಗೆ. ಮುದುಕ 'ತಣ್ಣಿ' ಅಂದರೆ ಹಿಂದೆ ಕುಂಟುತ್ತ ಬರುವ ಮುದುಕಿಗೆ. ಪದ ಯಾವುದೇ ಇರಲಿ, ಅದರೊಳಗೆ ಇನ್ನೊಂದು ಜೀವ ಇರುತ್ತಿತ್ತು.

'ಈ ಮನುಷ್ಯನ ಪದದೊಳಗೆ ಯಾರಿದ್ದಾರೆ? ಮಣ್ಣಿಗೆ ಚೆಲ್ಲೋವನಿಗೆ ಯಾರಿರ್ತಾರೆ!'

ಸಿಟ್ಟು ಬರುತ್ತಿತ್ತು. ಆದರೂ ಮಧ್ಯಾಹ್ನವಾದರೆ ಕಣ್ಣು ರಸ್ತೆಯ ತಿರುವಿಗೆ ಹೋಗುತ್ತಿತ್ತು. ಅದಕ್ಕೆ ಇನ್ನೂ ಸಿಟ್ಟು! ಅವನು ಬರುವ ಹೊತ್ತಿಗೆ ನೀರಿನ ಹರವಿಗೆ ಲಾವಂಚದ ಬೇರು ಹೊಸದಾಗಿ ಹಾಕಿರುತ್ತಿದ್ದಳು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಹನ್ನೊಂದನೆಯ ದಿನ ತಡೆಯಲಾಗಲಿಲ್ಲ.

ಅವನು ಬೊಗಸೆಯೊಡ್ಡಿದ. ಅವಳು ಗಿಂಡಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಹಾಕಲ್ಲ."

"ಯಾಕಮ್ಮಾ?"

"ಗಂಡ ಸತ್ತೋಳ ಕೈ ನೀರು ಅಂತ ದಿನಾ ಚೆಲ್ಲಿ ಶುದ್ಧ ಆಗ್ತೀರಲ್ಲ... ಕುಡಿಯೋದ್ಯಾಕೆ, ಚೆಲ್ಲೋದ್ಯಾಕೆ? ನಿಮ್ಗೆ ಬೇರೆ ಬಾವಿ ಇಲ್ವಾ?"

ಅವನ ಮುಖ ಬೂದಿಯಂತಾಯಿತು. "ಹಂಗಲ್ಲಮ್ಮಾ... ಅದು..." ಖಾಲಿ ಕೈಗಳನ್ನು ಮಡಿಸಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದ.

ಬಾಯಾರಿದವನನ್ನು ಅವಳು ಹಾಗೇ ಕಳಿಸಿದ್ದು ಅದೇ ಮೊದಲು. ಅವನ ಬೆನ್ನು ತಿರುವಿನಲ್ಲಿ ಮರೆಯಾದ ಮೇಲೂ ಅವಳು ಗಿಂಡಿಯನ್ನು ಕೆಳಗಿಡಲಿಲ್ಲ.

ಮೂರು ದಿನ ಅವನು ಬರಲಿಲ್ಲ.

ನಾಲ್ಕನೆಯ ದಿನ ರಜಾಕ್ ಸಾಬರು ನಗಲಿಲ್ಲ. "ಬೇಟಿ, ಆ ರಂಗೂನಿನೋನಿಗೆ ಬಾಳಾ ಜ್ವರ. ಹಳ್ಳದ ನೀರು ಕುಡಿದನಂತೆ. ತೋಪಿನ ಗುಡಿಸಲಲ್ಲಿ ಮಲಗವ್ನೆ. ಹದಿನೈದು ದಿನದಾಗೆ ಗ್ಯಾಂಗು ಮುಳಬಾಗಿಲಿಗೆ ಹೋಗ್ತದೆ. ಇವನು ಹೋಗ್ತಾನೋ ಇಲ್ವೋ, ಅಲ್ಲಾನೇ ಬಲ್ಲ."

ವರಲಕ್ಷ್ಮಿ ಚಪ್ಪರದ ಕಂಬ ಹಿಡಿದು ಅತ್ತೆಯ ಕಡೆ ತಿರುಗಿದಳು. ಹಿಂದೆ ಮಜ್ಜಿಗೆ ಕಡೆಯುತ್ತಿದ್ದ ಅತ್ತೆ ತಲೆ ಎತ್ತಿದಳು.

"ಏನಾಯ್ತೇ?"

"ಅತ್ತೆಮ್ಮಾ... ನಾನು ಅವರಿಗೆ ನೀರು ಹಾಕಲಿಲ್ಲ. ಕೇಳಿದ್ರೂ ಹಾಕಲಿಲ್ಲ."

ಅಮ್ಮಯಮ್ಮನ ಕೈಯ ಕಡೆಗೋಲು ನಿಂತಿತು. ಬೈಗುಳವಾದರೂ ಬಂದಿದ್ದರೆ ಚೆನ್ನಾಗಿತ್ತು...

"ನಿನ್ನ ಗಂಡ ಹೆಂಗೆ ಹೋದ ಗೊತ್ತೇನೇ ನಿಂಗೆ? ನಿನ್ನ ಆವತ್ತು ಒಳಗಿನ ಕೋಣೇಲಿ ಕೂರ್ಸಿದ್ರು. ಜ್ವರದಾಗೆ ನೀರು ಕೊಟ್ರೆ ಸನ್ನಿ ಆಗುತ್ತೆ ಅಂದ್ರು ನಾಟಿ ವೈದ್ಯರು. ಮೂರು ದಿನ ನನ್ನ ಕೂಸು ನೀರು ನೀರು ಅಂತು. ನಾನು ಎತ್ತಿದ ಚೆಂಬು ಕೆಳಗಿಟ್ಟೆ ಕಣೇ. ಅದಕ್ಕೇ ಈ ಚಪ್ಪರ. ಪುಣ್ಯಕ್ಕಲ್ಲ."

ಮುದುಕಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. "ಕಾಯ್ಸಿಟ್ಟ ನೀರು ಗಿಂಡಿಗೆ ತುಂಬ್ಸು. ಸಾಬ್ರೇ, ಗಾಡಿ ತಿರುಗಿಸ್ತೀರಾ?"

"ತಿರುಗ್ಸಿದೀನಿ ಅಮ್ಮಯ್ಯ. ನೀವು ಹತ್ತೋದೇ ತಡ."

ತೋಪಿನ ಗುಡಿಸಲಲ್ಲಿ ಗ್ಯಾಂಗಿನ ಹೆಂಗಸರಿಬ್ಬರು ಅವನ ಪಕ್ಕ ಕೂತಿದ್ದರು. ಗಿಂಡಿ ಕಂಡದ್ದೇ ಒಬ್ಬಳು ಅಡ್ಡ ಬಂದಳು. "ಜ್ವರಕ್ಕೆ ನೀರು ಕೊಡಬಾರ್ದಮ್ಮ!"

ಅವನು ಕಣ್ಣು ಮುಚ್ಚಿಕೊಂಡೇ ತೊದಲುತ್ತಿದ್ದ. "ನೀಳ್ಳು... ತಣ್ಣಿ... ಪಾನಿ... ಯೇ..." ಮುಚ್ಚಿದ ಬಾಗಿಲಿಗೆ ಒಂದೊಂದೇ ಕೀಲಿ ಹಾಕಿ ನೋಡುವವನಂತೆ. "ನೀರು... ನೀರು ಕೊಡ್ರಪ್ಪಾ..."

"ಸರ್ಕೊಳ್ರೇ ಆಚೆಗೆ!" ಅಮ್ಮಯಮ್ಮ ಗದರಿದ ರಭಸಕ್ಕೆ ಇಬ್ಬರೂ ಎದ್ದು ನಿಂತರು. "ಕಾಯ್ಸಿ ಆರಿಸಿದ ನೀರು. ಹಾಕೇ ಮಗಳೇ. ನಾನು ಹಾಕದೆ ಇದ್ದಿದ್ದನ್ನ ನೀನು ಹಾಕು."

ವರಲಕ್ಷ್ಮಿ ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಎಷ್ಟು ಸುಡುತ್ತಿತ್ತು! ಹನಿಹನಿಯಾಗಿ ಬಿಟ್ಟಳು. ಅವನು ನುಂಗಿದ. ಸಂಜೆಯ ಹೊತ್ತಿಗೆ ಬೆವರಿದ. ಕಣ್ಣು ತೆರೆದವನು ಮೊದಲು ಮಾಡಿದ್ದೇನು ಗೊತ್ತೇ? ಅಂಗೈಯಲ್ಲಿ ಇಷ್ಟು ನೀರು ಹಿಡಿದು, ಚಾಪೆಯ ಆಚೆಗೆ ಕೈ ಚಾಚಿ, ನೆಲಕ್ಕೆ ಬಿಟ್ಟ.

ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ.

"ಯಾರಿಗೆ?" ಮೆಲ್ಲಗೆ ಕೇಳಿದಳು.

"ಅಂಜಿನಮ್ಮಂಗೆ... ನನ್ನ ಹೆಂಡ್ರಿಗೆ."

ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ.

"ಬೆಟ್ಟದಾಗೆ ಬಾಯಾರಿ ಬಿದ್ಬಿಟ್ಲು. ಕೆಳಗೆ ನಾಲ್ಕು ಮನೆ ಕಾಣಿಸ್ತು. ಓಡಿದೆ. ನಮ್ಮಂಗೆ ನಡೆದು ಬಂದೋರಿಂದ ವಾಂತಿಭೇದಿ ಬರುತ್ತೆ ಅಂತ ಭಯ ಅವರಿಗೆ, ಬಾಗಿಲು ಹಾಕ್ಕೊಂಡಿದ್ರು. ನಂಗೆ ಬರೋ ಅಷ್ಟು ಭಾಷೇಲೂ ಕೂಗಿದೆ. ಅವರ ಭಾಷೆ ಮಾತ್ರ ಬರ್ತಿರಲಿಲ್ಲ. ವಾಪಸ್ ಬಂದಾಗ ಅವಳು... ಹೋಗಿದ್ಲು. ಮಾರನೇ ದಿನ ಬೆಟ್ಟ ಇಳಿದೆ. ಅಲ್ಲೊಬ್ಬಳು ಮುದುಕಿ ಚೊಂಬು ಹಿಡ್ಕೊಂಡು 'ಈಸಿಂಗ್' ಅಂದ್ಲು. ನೀರಂತೆ ಅದು. ಒಂದೇ ಒಂದು ದಿನ ಮುಂಚೆ ಆ ಮಾತು ಗೊತ್ತಿದ್ದಿದ್ರೆ..."

ಅವನು ಒದ್ದೆಯಾದ ನೆಲವನ್ನು ಮುಟ್ಟಿದ. "ಅವಳಿಗೆ ಎತ್ತಿಡದೆ ನಂಗೆ ಗಂಟಲಲ್ಲಿ ಇಳಿಯಲ್ಲಮ್ಮಾ. ನಿಮ್ಮ ಕೈ ನೀರು ತಂಪಾಗಿತ್ತು. ಅದಕ್ಕೇ ದಿನಾ ಅವಳಿಗೂ ಕೊಡ್ತಿದ್ದೆ."

ಅಯ್ಯೋ! ತಾನು ಅವಮಾನ ಅಂದುಕೊಂಡದ್ದು ಎಂಥ ಗೌರವವಾಗಿತ್ತು! ವರಲಕ್ಷ್ಮಿಯ ಕಣ್ಣೀರು ಅವನ ಹಣೆಯ ಮೇಲೆ ಬಿತ್ತು.

"ಮೊದಲ್ನೇ ದಿನ ನೀವು 'ಯೇ' ಅಂದ್ರಿ. ನಂಗೇನು ತಿಳೀತು? ನಿಮ್ಮ ಕೈ ನೋಡಿ ಹಾಕ್ದೆ. ಮಾತು ಗೊತ್ತಿಲ್ಲ ಅಂತಲ್ಲ ನೀರು ಸಿಗದೆ ಇದ್ದಿದ್ದು. ಬಾಗಿಲು ಹಾಕಿತ್ತು, ನಿಮ್ಮ ಕೈ ಅವರಿಗೆ ಕಾಣಲಿಲ್ಲ, ಅಷ್ಟೇ. ನಿಮ್ಮ ತಪ್ಪೇನಿಲ್ಲ." ಉಸಿರೆಳೆದುಕೊಂಡಳು. "ನೋಡಿ, ನಂಗೆ ಮಾತೂ ಗೊತ್ತಿತ್ತು, ಕೈನೂ ಕಾಣ್ತಿತ್ತು. ಆದ್ರೂ ನಾನು ಬಾಗಿಲು ಹಾಕ್ದೆ."

ಅವನು ಅವಳನ್ನೇ ನೋಡಿದ. ಒಂದು ವರ್ಷದಿಂದ ಎದೆಯ ಮೇಲಿದ್ದ ಬಂಡೆ ಕೊಂಚ ಅಲುಗಿದಂತೆ, ದೀರ್ಘವಾಗಿ ಉಸಿರು ಬಿಟ್ಟ.

ಹತ್ತು ದಿನ ಕಳೆದವು. ಮೂಡಲ ದಿಕ್ಕಿನಲ್ಲಿ ಮೋಡ ಕಟ್ಟಿತು. ಮುಂಗಾರು ಬಿದ್ದರೆ ಚಪ್ಪರ ಬಿಚ್ಚಬೇಕು. ಗ್ಯಾಂಗು ಸಾಮಾನು ಕಟ್ಟುತ್ತಿತ್ತು.

ಮುನಿಸ್ವಾಮಿ ಬಡಕಲು ಮೈಯಲ್ಲಿ ಮೆಲ್ಲಗೆ ನಡೆದು ಬಂದು ಚಪ್ಪರದ ಕೆಳಗೆ ಕೂತ.

"ನಾಳೆ ಗ್ಯಾಂಗು ಹೊರಡುತ್ತೆ."

"ನೀವು?" ಅವಳು ಗಿಂಡಿಯನ್ನೇ ನೋಡುತ್ತ ಕೇಳಿದಳು.

"ನಡೆದು ನಡೆದು ಸಾಕಾಗಿದೆ ವರಲಕ್ಷ್ಮಿ." ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಒಂದು ಕಡೆ ಕೂರಬೇಕು ಅನ್ನಿಸ್ತಿದೆ. ನೀವು ಕೂರು ಅಂದ್ರೆ..."

ಅವಳು ಗಿಂಡಿಯ ಅಂಚನ್ನು ಸೆರಗಿನಿಂದ ಒರೆಸತೊಡಗಿದಳು. 'ಅತ್ತೆಮ್ಮ ಇದ್ದಾರೆ... ಊರಿದೆ... ಈ ಹಣೆ ಇದೆ...'

ಹಿಂದಿನಿಂದ ಅಮ್ಮಯಮ್ಮನ ಸ್ವರ ಬಂತು. "ಗಂಡ ಸತ್ತೋಳಿಗೆ ಸೀರೆ ಉಡ್ಸಿ ಮನೆ ತುಂಬ್ಸಿಕೊಳ್ಳೋದು ನಮ್ಮ ಜನದಾಗೆ ಉಂಟಪ್ಪಾ. ಉಡಿಕೆ ಅಂತೀವಿ. ಏನು, ರಂಗೂನಿನಾಗೆ ಅದನ್ನೆಲ್ಲ ಮರ್ತು ಬಿಟ್ರಾ?"

"ಅತ್ತೆಮ್ಮಾ!"

"ಸುಮ್ನಿರೇ. ನನ್ನ ಮಗನ ಹೆಸರು ಈ ನೀರಾಗೈತೆ, ನಿನ್ನ ಬೋಳುಹಣೇಲಿ ಅಲ್ಲ. ಎಂಟು ವರ್ಷ ಆಯ್ತು ನಿನ್ನ ಮುಖ ನೋಡ್ತಾ... ನಂಗೂ ಸುಸ್ತಾಗೈತೆ ಕಣವ್ವಾ. ಸೀರೆ ಅವನು ತರ್ಲಿ. ಆದ್ರೆ ಬರೋ ಯುಗಾದಿಗೆ ಇಬ್ರೂ ಬಂದು ನನ್ನ ಚಪ್ಪರ ಹಾಕ್ಬೇಕು, ಅಷ್ಟೇ ನನ್ನ ಷರತ್ತು."

ಜಟಕಾದ ಮೇಲಿಂದ ರಜಾಕ್ ಸಾಬರು, "ಸೀರೆ ತರೋಕೆ ಹೊಸಕೋಟೆಗೆ ಗಾಡಿ ಬಿಟ್ಟಿ!" ಎಂದು ಕೂಗಿದರು. ಮುದುಕಿ ನಗುತ್ತ, ಮೂಗು ಸೀಟುತ್ತ, ಮಜ್ಜಿಗೆಯ ಮಡಕೆ ಎತ್ತಿಕೊಂಡು ಅತ್ತ ಹೋದಳು.

ಮುನಿಸ್ವಾಮಿ ಎದ್ದು ಬೊಗಸೆಯೊಡ್ಡಿದ. ವರಲಕ್ಷ್ಮಿ ನೀರು ಬಿಟ್ಟಳು. ಅವನು ಕುಡಿದ. ಕೊನೆಯ ಬೊಗಸೆ ತುಂಬಿದಾಗ ಅನುಮಾನಿಸುತ್ತ ಅವಳ ಮುಖ ನೋಡಿದ.

"ನಿಲ್ಲಿಸ್ಬೇಡಿ," ಅಂದಳು ಅವಳು. "ಅವಳ ಪಾಲು ಅವಳಿಗೆ."

ಇಬ್ಬರೂ ಹೊಂಗೆಮರದವರೆಗೆ ನಡೆದರು. ಅವನು ಬೊಗಸೆ ಬಿಚ್ಚಿದ. ಅವನು ಚೆಲ್ಲಿದ್ದ ನೀರಿಗೆ ಅಲ್ಲಿ ನಾಲ್ಕು ಎಸಳು ಗರಿಕೆ ಹಸುರಾಗಿ ಎದ್ದಿತ್ತು.

ಹಿಂದಿರುಗಿ ಬಂದ ಮೇಲೆ ಅವನು ಅವಳ ಕೈಯಿಂದ ಗಿಂಡಿ ತೆಗೆದುಕೊಂಡ.

"ಇಷ್ಟು ವರ್ಷ ಎಲ್ಲರಿಗೂ ಹಾಕಿದೀರ. ನಿಮ್ಗೆ ಯಾರು ಹಾಕಿದ್ರು?"

ವರಲಕ್ಷ್ಮಿ ಯೋಚಿಸಿದಳು. ಯಾರೂ ಇರಲಿಲ್ಲ. ಅವಳು ಅಲ್ಲೇ ಕಲ್ಲಿನ ಮೇಲೆ ಕೂತಳು. ಸೆರಗು ಹಣೆಯಿಂದ ಜಾರಿತು. ಈ ಸಲ ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಎರಡು ಕೈ ಸೇರಿಸಿ ಬೊಗಸೆಯೊಡ್ಡಿದಳು.

"ಕೇಳಿ," ಅವನು ನಕ್ಕ. "ಯಾವ ಭಾಷೇಲಾದ್ರೂ ಸರಿ."

"ಕೈ ಕಾಣಿಸ್ತಿಲ್ವಾ ನಿಮ್ಗೆ?"

"ಕಾಣಿಸ್ತಿದೆ," ಅಂದ ಅವನು, ಗಿಂಡಿ ಬಗ್ಗಿಸುತ್ತ.